ಉಳಿದ ಭ್ರೂಣ ಏನಾಗುತ್ತೆ?
ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಐವಿಎಫ್‌ಗೆ ಅಂತ ಹುಬ್ಬಳ್ಳಿ ಬಸ್ ಹತ್ತೋರು ಸ್ವಲ್ಪ ಕೇಳ್ರಿ. ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಬೇಡ್ರಿ.

2021ರ ಎಆರ್‌ಟಿ (ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ ಪ್ರಕಾರ, ಐವಿಎಫ್‌ನಲ್ಲಿ ಬಳಸದೆ ಉಳಿದ ಭ್ರೂಣವನ್ನು ಹೆಚ್ಚೆಂದರೆ 10 ವರ್ಷ ಫ್ರೀಜ್ ಮಾಡಿ ಇಡಬಹುದು. ಆಮೇಲೆ ನಾಶ, ಇಲ್ಲವೇ, ನೀವು ಒಪ್ಪಿದರೆ ಮಾತ್ರ, ಸಂಶೋಧನೆಗೆ. ಮಾರೋ ಹಾಗಿಲ್ಲ. ಗರ್ಭಕ್ಕೆ ಸೇರಿಸೋವರೆಗೂ ಒಪ್ಪಿಗೆ ವಾಪಸ್ ತಗೋಬಹುದು. ಖರ್ಚು, ಅಪಾಯ, ಯಶಸ್ಸಿನ ಸಾಧ್ಯತೆ ಎಲ್ಲಾ ಕ್ಲಿನಿಕ್ಕೇ ಹೇಳಬೇಕು. ಹೇಳಲಿಲ್ಲವಾ? ಕೇಳ್ರಿ, ಕನ್ನಡದಾಗೇ ಕೇಳ್ರಿ.

ಅದೇ ಕಾಯ್ದೆಯಲ್ಲಿ ವಯಸ್ಸಿನ ಮಿತಿಯೂ ಇದೆ: ಹೆಣ್ಣಿಗೆ 50, ಗಂಡಿಗೆ 55. ಇದೊಂದು ಒರಟು ಗೆರೆ. ಬಾಡಿಗೆ ತಾಯ್ತನಕ್ಕೂ ಇದೇ ಗರಿಷ್ಠ ಮಿತಿ. ಬಾಡಿಗೆ ತಾಯ್ತನಕ್ಕೆ ಅನುಮತಿ ಕೇಳಿದ 57ರ ಗಂಡನೊಬ್ಬರ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2023ರಲ್ಲಿ ಬರೀ ವಯಸ್ಸು ನೋಡಲಿಲ್ಲ. ಆನುವಂಶಿಕ, ದೈಹಿಕ, ಆರ್ಥಿಕ ಅಂತ ಮೂರು ಪರೀಕ್ಷೆ ಹೇಳಿತು. ಆ ಪರೀಕ್ಷೆ ಕಾಯ್ದೆಯೊಳಗೇ ಬರಲಿ. ಕುಷ್ಟಗಿಯ ದಂಪತಿ ಇದಕ್ಕಾಗಿ ಹೈಕೋರ್ಟ್ ಮೆಟ್ಟಿಲು ಯಾಕೆ ಹತ್ತಬೇಕು?