ಕಾರಿನ ಬಿಡಿಭಾಗ: ಅಸಲಿಯೋ, ನಕಲಿಯೋ?

ತೊಗರಿಬೇಳೆಯನ್ನು ಅಂಗೈಯಲ್ಲಿ ಹಾಕಿ ಉಜ್ಜಿ ನೋಡುತ್ತೇವೆ. ಸೀರೆಯ ಜರಿಯನ್ನು ಬೆಳಕಿಗೆ ಹಿಡಿಯುತ್ತೇವೆ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕಿನ ಆರಂಕಿಯ ಗುರುತು ಇದೆಯೇ ಎಂದು ಭೂತಗನ್ನಡಿ ಕೇಳುತ್ತೇವೆ. ಆದರೆ ಮೆಕ್ಯಾನಿಕ್ ಹುಡುಗ ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಬಂದು, "ಅಮ್ಮಾ, ಕಂಪೆನಿ ಮಾಲೇ ಹಾಕಿದೀನಿ, ಎರಡು ಸಾವಿರದ ಇನ್ನೂರಾಯ್ತು" ಎಂದರೆ ಮರುಮಾತಿಲ್ಲದೆ ಎಣಿಸಿ ಕೊಡುತ್ತೇವೆ. ಕಾರಿನ ವಿಷಯ ಗಂಡಸರದು ಎಂದು ನಮ್ಮ ಎಣಿಕೆ. ಯಜಮಾನರು ಆಫೀಸಿನಲ್ಲಿ, ಕಾರು ಗ್ಯಾರೇಜಿನಲ್ಲಿ, ದುಡ್ಡು ಮಾತ್ರ ಮನೆಖರ್ಚಿನ ಡಬ್ಬಿಯಿಂದ!

ಸೋದರಿಯರೇ, ಇದರಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ. ಬೇಳೆ ನೋಡುವ ಕಣ್ಣೇ ಇಲ್ಲಿಗೂ ಸಾಕು. ಆದರೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಇದನ್ನು ಮಾಡಿದವರು ಯಾರು? ಇದು ಚೆನ್ನಾಗಿದೆಯೇ? ನಾವು ಇವೆರಡನ್ನೂ ಒಂದೇ ಎಂದುಕೊಂಡು "ಒರಿಜಿನಲ್ಲಾ, ಡೂಪ್ಲಿಕೇಟಾ?" ಎಂದು ಕೇಳಿ ಸುಮ್ಮನಾಗುತ್ತೇವೆ. ಆ ಪ್ರಶ್ನೆಗೆ "ಡೂಪ್ಲಿಕೇಟು" ಎಂದು ಯಾವ ಅಂಗಡಿಯವನು ತಾನೇ ಹೇಳಿಯಾನು?

ಕಾರಿನ ಕಂಪೆನಿ ತನ್ನ ಕಾರಿನ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ಬ್ರೇಕು ಒಬ್ಬರಿಂದ, ಫಿಲ್ಟರು ಇನ್ನೊಬ್ಬರಿಂದ, ದೀಪ ಮತ್ತೊಬ್ಬರಿಂದ ಬರುತ್ತದೆ. ಅದೇ ತಯಾರಕರು ಅಂಥದೇ ವಸ್ತುವನ್ನು ತಮ್ಮ ಸ್ವಂತ ಹೆಸರಿನ ಡಬ್ಬದಲ್ಲಿಟ್ಟು ಪೇಟೆಗೂ ಕಳಿಸುತ್ತಾರೆ. ಬೆಲೆ ಎಷ್ಟೋ ಸಲ ಕಡಿಮೆ. ನಮ್ಮ ಬೆಂಗಳೂರಿನ ಮೈಕೋ ನೆನಪಿದೆಯಲ್ಲ? ಆಡುಗೋಡಿಯ ಆ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗು ಒಂದು ಕಾಲಕ್ಕೆ ಸ್ಕೂಟರಿದ್ದ ಮನೆಯವರಿಗೆಲ್ಲ ಗೊತ್ತಿತ್ತು. 2008ರಲ್ಲಿ ಆ ಕಂಪೆನಿಯ ಹೆಸರು ಬಾಷ್ ಎಂದು ಬದಲಾಯಿತು. ಇಂಥ ಹೆಸರಿನ ಡಬ್ಬದಲ್ಲಿ ಕಾರಿನ ಕಂಪೆನಿಯ ಮುದ್ರೆ ಇಲ್ಲವೆಂದ ಮಾತ್ರಕ್ಕೆ ಒಳಗಿನದು ಡೂಪ್ಲಿಕೇಟ್ ಆಗುವುದಿಲ್ಲ. ಕಾರಿನ ಕಂಪೆನಿಗೆ ಮಾಲು ಕೊಡದಿದ್ದರೂ ತಮ್ಮ ಹೆಸರು, ವಿಳಾಸ ಹಾಕಿ ಪ್ರಾಮಾಣಿಕವಾಗಿ ಮಾಡಿ ಮಾರುವವರೂ ಇದ್ದಾರೆ. ಅವರದರಲ್ಲಿ ಒಳ್ಳೆಯದೂ ಉಂಟು, ಸಾಧಾರಣವೂ ಉಂಟು.

ಡೂಪ್ಲಿಕೇಟ್ ಎನ್ನಬೇಕಾದ್ದು ಬೇರೆಯವರ ಹೆಸರು ಕದ್ದು ಮಾರುವುದನ್ನು. ಇನ್ನು ಹೆಸರೇ ಇಲ್ಲದ, ಬರೀ ಪ್ಲಾಸ್ಟಿಕ್ ಕವರಿನಲ್ಲಿ ಬರುವ "ಲೋಕಲ್" ಮಾಲು. ಅದಕ್ಕೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ನಾಳೆ ಕೆಟ್ಟರೆ ಯಾರನ್ನು ಹಿಡಿಯುತ್ತೀರಿ? "ಓಇಎಂ ಮಾಲು ಮೇಡಂ" ಎಂಬ ಮಾತಿಗೂ ಮರುಳಾಗಬೇಡಿ. ಕಾರಿನ ಕಂಪೆನಿಗೆ ಒದಗಿಸುವವರ ಮಾಲು ಎಂದು ಅದರ ಅರ್ಥ. ಈಗ ಯಾವುದಕ್ಕೆ ಬೇಕಾದರೂ ಅಂಟಿಸಿಬಿಡುತ್ತಾರೆ. "ಯಾವ ಕಂಪೆನಿಯದಪ್ಪಾ? ಹೆಸರು ಹೇಳು" ಎಂದು ಕೇಳಿ. ಅಸಲಿ ಇದ್ದವನು ಹೆಸರು ಹೇಳುತ್ತಾನೆ.

ಡಬ್ಬ ಏನು ಹೇಳುತ್ತದೆ?

ಡಬ್ಬವನ್ನು ಕೈಗೆ ತೆಗೆದುಕೊಂಡು ಓದಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಓದುವುದಿಲ್ಲವೇ, ಹಾಗೆ. 2011ರ ಪೊಟ್ಟಣ ಸಾಮಗ್ರಿಗಳ ನಿಯಮದ ಪ್ರಕಾರ ತಯಾರಕರ ಹೆಸರು ವಿಳಾಸ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ನಂಬರು ಇರಬೇಕು. ಹೊರದೇಶದ್ದಾದರೆ ದೇಶದ ಹೆಸರು, ಇಲ್ಲಿಗೆ ತರಿಸಿದವರ ಹೆಸರು ವಿಳಾಸವೂ ಬೇಕು. ವಿಳಾಸ ಬರೀ "ದೆಹಲಿ" ಎಂದಿದ್ದರೆ ಅನುಮಾನಿಸಿ. ಬೆಲೆಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಉಗುರಿನಿಂದ ಕೆರೆದು ನೋಡಿ. ಕಾಗುಣಿತ ತಪ್ಪಿದ ಇಂಗ್ಲಿಷು, ಮಸುಕಾದ ಬಣ್ಣ, ಒಂದಕ್ಷರ ಹೆಚ್ಚುಕಡಿಮೆಯಾದ ಹೆಸರು, ಇವೆಲ್ಲ ಕಳ್ಳನ ಹೆಜ್ಜೆಗಳೇ. ಮಕ್ಕಳು ಇಂಥವನ್ನು ನಮಗಿಂತ ಬೇಗ ಕಂಡುಹಿಡಿಯುತ್ತಾರೆ, ಅವರ ಕೈಗೆ ಕೊಡಿ.

ಮಿರುಗುವ ಹೊಲೊಗ್ರಾಂ ಚೀಟಿ ನೋಡಿ ಸಮಾಧಾನಪಡುವವರಿದ್ದಾರೆ. ಅದನ್ನೂ ನಕಲು ಮಾಡುತ್ತಾರೆ. ಕೆಲವು ಕಂಪೆನಿಗಳು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಚೌಕ ಗುರುತು ಕೊಡುತ್ತವೆ. ಸ್ಕ್ಯಾನ್ ಮಾಡಿದಾಗ ಕಂಪೆನಿಯ ಸ್ವಂತ ಪುಟವೇ ಬಂತೇ ಎಂದು ನೋಡಿಕೊಳ್ಳಿ. ಪಾರ್ಟ್ ನಂಬರು ಇದಕ್ಕಿಂತ ಗಟ್ಟಿ ಆಧಾರ. ಡಬ್ಬದ ಮೇಲಿನ ನಂಬರನ್ನು ಅಧಿಕೃತ ಶೋರೂಮಿಗೆ ಫೋನ್ ಮಾಡಿ ಓದಿ ಹೇಳಿದರೆ, ಅದು ಯಾವ ಕಾರಿನ ಯಾವ ಭಾಗ, ಬೆಲೆ ಎಷ್ಟು ಎಂದು ತಿಳಿಸುತ್ತಾರೆ.

ದೇಶದ ಹೆಸರಿನ ಬಗ್ಗೆ ಒಂದು ಮಾತು. "ಚೈನಾ ಮಾಲು ಬೇಡ, ಜರ್ಮನಿದು ಕೊಡಿ" ಎಂದು ಕೇಳುವುದು ನಮ್ಮ ಕಡೆ ರೂಢಿ. ಜರ್ಮನಿಯ ಹೆಸರಿರುವ ಎಷ್ಟೋ ವಸ್ತು ನಾಸಿಕದಲ್ಲೋ ಬಿಡದಿಯಲ್ಲೋ ತಯಾರಾಗಿರುತ್ತದೆ, ಅದರಿಂದ ಅದಕ್ಕೆ ಕುಂದೇನಿಲ್ಲ. ಚೀನಾದಲ್ಲಿ ದೊಡ್ಡ ಕಂಪೆನಿಗಳಿಗೆ ಒದಗಿಸುವ ಕಾರ್ಖಾನೆಯೂ ಇದೆ, ಹೇಳಹೆಸರಿಲ್ಲದ ಶೆಡ್ಡೂ ಇದೆ. ದೇಶ ನೋಡಿ ಗುಣ ಹೇಳಲು ಬರುವುದಿಲ್ಲ. ಹೊಣೆ ಹೊರುವವರ ಹೆಸರಿದೆಯೇ ಎಂಬುದನ್ನೇ ನೋಡಬೇಕು.

ಬ್ರೇಕಿನಲ್ಲಿ ಚೌಕಾಸಿ ಬೇಡ

ವೈಪರ್ ಬ್ಲೇಡು ಕೆಟ್ಟದ್ದು ಬಂದರೆ ಗಾಜು ಕೀಚಲು ದನಿ ಮಾಡೀತು, ಅಷ್ಟೆ. ಬ್ರೇಕು ಹಾಗಲ್ಲ. ನಾವಿರುವುದು ತೀರ್ಥಹಳ್ಳಿ ಕಡೆ. ಉಡುಪಿಗೆ ಹೋಗಬೇಕಾದರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯಲೇಬೇಕು. ಹೋದ ವರ್ಷ ನನ್ನ ನಾದಿನಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವಾಗ ಮುಂದಿನ ಚಕ್ರದಿಂದ ಕಬ್ಬಿಣ ಉಜ್ಜಿದ ಸದ್ದು. ಪೆಡಲು ಎಷ್ಟು ಒತ್ತಿದರೂ ಮೊದಲಿನ ಹಿಡಿತವಿಲ್ಲ. ಪುಣ್ಯಕ್ಕೆ ಎರಡನೇ ಗೇರಿನಲ್ಲಿ ಇಳಿಸುತ್ತಿದ್ದಳು. ಮೆಲ್ಲಗೆ ಸೋಮೇಶ್ವರ ಮುಟ್ಟಿಸಿ ಚಕ್ರ ಬಿಚ್ಚಿಸಿದರೆ, ನಾಲ್ಕು ತಿಂಗಳ ಹಿಂದಷ್ಟೇ ಹಾಕಿಸಿದ್ದ ಪ್ಯಾಡಿನ ಉಜ್ಜುವ ಪದರ ತುಂಡು ತುಂಡಾಗಿ ಎದ್ದುಹೋಗಿದೆ! ತಟ್ಟೆಯ ಮೇಲೆ ಒಂದಕ್ಷರವಿಲ್ಲ. ಹಾಕಿದ ಗ್ಯಾರೇಜಿನವರು ಕೊಟ್ಟಿದ್ದ ಚೀಟಿಯಲ್ಲಿ "ಬ್ರೇಕ್ ಕೆಲಸ" ಎಂದಿತ್ತು, ಮುಂದೆ ಮೊತ್ತ. ಕೇಳಲು ಹೋದರೆ, "ಅದು ನಮ್ಮ ಮಾಲಲ್ಲ" ಎಂದುಬಿಟ್ಟರು. ನಾದಿನಿ ಹಟ ಹಿಡಿದು ನಾಲ್ಕು ಸಲ ಹೋದಳು. ದುಡ್ಡು ಬರಲಿಲ್ಲ.

ಆದ್ದರಿಂದ ಬ್ರೇಕ್ ಪ್ಯಾಡನ್ನು ಹಾಕುವ ಮುಂಚೆ ಕೈಯಲ್ಲಿ ಹಿಡಿದು ನೋಡಿ. ಕಬ್ಬಿಣದ ತಟ್ಟೆಯ ಹಿಂದೆ ತಯಾರಕರ ಹೆಸರು, ಬ್ಯಾಚಿನ ಅಂಕಿ ಅಚ್ಚಾಗಿರಬೇಕು. ಉಜ್ಜುವ ಪದರಕ್ಕೂ ತಟ್ಟೆಗೂ ನಡುವೆ ಉಗುರು ತೂರುವಷ್ಟು ಸಂದಿಯೂ ಇರಬಾರದು. ಅಂಚು ಬೆರಳಿಗೆ ಪುಡಿಪುಡಿಯಾಗಬಾರದು. ಅನೇಕ ಪ್ಯಾಡುಗಳ ಮೇಲೆ ಎಫ್‌ಎಫ್, ಜಿಜಿ ಎಂಬಂಥ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನ ಹಿಡಿತ. ಇ ಗಿಂತ ಎಫ್, ಎಫ್ ಗಿಂತ ಜಿ ಹೆಚ್ಚು. ಘಾಟಿ ಇಳಿಯುವ ನಮಗೆ ಎರಡನೆಯ ಅಕ್ಷರವೇ ಮುಖ್ಯ. ಹಾಗೆಂದು ದೊಡ್ಡ ಅಕ್ಷರವನ್ನೇ ಹುಡುಕಿಕೊಂಡು ಹೋಗಬೇಡಿ, ನಿಮ್ಮ ಕಾರಿಗೆ ಮೊದಲಿನಿಂದ ಇದ್ದದ್ದೇ ಸರಿ. ಎಷ್ಟು ದಿನ ಬಾಳುತ್ತದೆಂದು ಈ ಅಕ್ಷರ ಹೇಳುವುದಿಲ್ಲ, ಅದಕ್ಕೆ ಮಾಡಿದವರ ಹೆಸರೇ ಗತಿ.

ಏರ್ ಫಿಲ್ಟರ್ ಪರೀಕ್ಷೆ ನಮ್ಮ ಕೈಗೆ ಹೇಳಿಮಾಡಿಸಿದ್ದು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಕಾಗದದ ಮಡಿಕೆ ಎಣಿಸಿ. ಸೀರೆಯ ನೆರಿಗೆಯಂತೆ ಒಂದೇ ಸಮ ಇರಬೇಕು. ಹೊಸದರಲ್ಲಿ ಮಡಿಕೆ ತೀರಾ ಕಡಿಮೆಯಿದ್ದರೆ ಕಾಗದ ಉಳಿಸಿದ್ದಾರೆಂದೇ ಲೆಕ್ಕ. ಬೆಳಕಿಗೆ ಹಿಡಿದರೆ ತೂತು ಕಾಣಬಾರದು. ಸುತ್ತಲ ರಬ್ಬರು ಮೆತ್ತಗಿದ್ದು ಕೂರುವ ಜಾಗದಲ್ಲಿ ಸಂದಿಯಿಲ್ಲದೆ ಕೂರಬೇಕು, ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ. ಆಯಿಲ್ ಫಿಲ್ಟರಿನ ಒಳಗು ಕಾಣುವುದಿಲ್ಲ, ಹೊರಗಿನಿಂದ ಕಂಡುಹಿಡಿಯುವುದು ಮೆಕ್ಯಾನಿಕ್‌ಗೂ ಕಷ್ಟ. ಅದನ್ನು ನಂಬಿಕಸ್ಥ ಅಂಗಡಿಯಿಂದಲೇ ತನ್ನಿ.

ಟೈರಿನ ಪಕ್ಕದಲ್ಲಿ ಐಎಸ್‌ಐ ಗುರುತು ಕಡ್ಡಾಯ. ಅಲ್ಲೇ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. 2324 ಎಂದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. "ಹೊಸ ಸ್ಟಾಕು" ಎಂದು ಮೂರು ವರ್ಷದ ಹಿಂದಿನದನ್ನು ತೋರಿಸಿದರೆ ಹಿಂದಕ್ಕೆ ಕೊಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳ ಸಾಲೇ ಇದೆ, ಊರಿನ ಬೆಲೆಗಿಂತ ಅಗ್ಗಕ್ಕೂ ಸಿಗುತ್ತದೆ. ನೂರಿನ್ನೂರು ಉಳಿದರೆ ಸಂತೋಷ. ಆದರೆ ಹೆಸರಾಂತ ಕಂಪೆನಿಯದು ಅರ್ಧ ಬೆಲೆಗೆ ಎಂದಾಗ, ತಯಾರಿಸಿದವನಿಗೆ ಅದು ಹೇಗೆ ಗಿಟ್ಟಿತು ಎಂದು ಯೋಚಿಸಿ. "ಬಿಲ್ಲು ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಅಕ್ಕಾ" ಎಂಬ ಮಾತು ಎಲ್ಲ ಊರಿನಲ್ಲೂ ಕೇಳುತ್ತದೆ. ಬಿಲ್ಲು ಬೇಕೇ ಬೇಕು. ಅದರಲ್ಲಿ ಕಂಪೆನಿಯ ಹೆಸರು, ಪಾರ್ಟ್ ನಂಬರು ಬರೆಸಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಬಿಲ್ಲು ಕೊಡದಿರುವುದನ್ನೇ ಅನುಚಿತ ವ್ಯಾಪಾರ ಎಂದಿದ್ದಾರೆ. ಮೋಸವಾದರೆ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಬಿಲ್ಲಿದ್ದರೆ ಮಾತಿಗೆ ಬಲ.

ಬಿಚ್ಚಿದ ಹಳೆಯ ಭಾಗವನ್ನು ಹೊಸದರ ಡಬ್ಬದ ಸಮೇತ ಕೇಳಿ ಮನೆಗೆ ತನ್ನಿ. ಬದಲಾಯಿಸಿದ್ದು ನಿಜವೇ ಎಂದೂ ಗೊತ್ತಾಗುತ್ತದೆ. ವಾರಂಟಿ ಮುಗಿಯುವವರೆಗೆ ಡಬ್ಬ, ಬಿಲ್ಲು ಎರಡೂ ಅಟ್ಟದ ಮೇಲಿರಲಿ. ಆಮೇಲೆ ಗುಜರಿಯವನಿಗೆ ಹಾಕುವಾಗ ಡಬ್ಬವನ್ನು ಇಡಿಯಾಗಿ ಕೊಡಬೇಡಿ. ನಕಲಿ ಮಾಲಿಗೆ ಅಸಲಿ ಡಬ್ಬ ಸಿಗುವುದು ಹೀಗೆಯೇ. ಹೆಸರಿರುವ ಕಡೆ ಕತ್ತರಿ ಹಾಕಿ ನಾಲ್ಕು ಚೂರು ಮಾಡಿ. ಹಳೆಯ ಫಿಲ್ಟರಿಗೆ ಮೊಳೆಯಿಂದ ಎರಡು ತೂತು ಹೊಡೆದು, ಎಣ್ಣೆ ಬಸಿದ ಮೇಲೆ ಕೊಡಿ.