ಕನ್ನಡದಲ್ಲಿ ಬರೆದುಕೊಳ್ಳಿ, ಜಪಾನಿಯಲ್ಲಿ ಹಾಡಿ

ಬೆಂಗಳೂರಿನ ಪೀಣ್ಯದ ಎಷ್ಟೋ ಮಷೀನ್ ಶಾಪುಗಳ ಗೋಡೆ ಮೇಲೆ ಐದು ಜಪಾನಿ ಪದಗಳು ಕನ್ನಡ ಅಕ್ಷರದಲ್ಲೇ ಇರುತ್ತವೆ: ಸೇರಿ, ಸೇತೊನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಈ ‘ಫೈವ್ ಎಸ್’ ಅಂದರೆ ಹೊಸದಾಗಿ ಸೇರಿದ ಅಪ್ರೆಂಟಿಸ್ ಹುಡುಗನಿಗೂ ಗೊತ್ತು. ಅಲ್ಲಿನ ಸಿಎನ್‌ಸಿ ಯಂತ್ರಗಳನ್ನು ನಡೆಸುವ ಫ್ಯಾನುಕ್ ಕಂಟ್ರೋಲರ್ ಜಪಾನಿನದು. ಆ ಕಂಪನಿಯ ಭಾರತದ ಕಚೇರಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಯೋಕೊಗಾವಾ ಕೂಡ ಅಲ್ಲೇ ಇದೆ. ವೈಟ್‌ಫೀಲ್ಡಿನಲ್ಲಿ ಕೂತು ಜಪಾನಿನ ಗ್ರಾಹಕರಿಗೆ ಸಾಫ್ಟ್‌ವೇರ್ ಬರೆಯುವವರ ಕಥೆಯೂ ಇದೇ. ಜಪಾನಿನಿಂದ ತಂಡ ಬಂದರೆ ಹಗಲು ಮೀಟಿಂಗು, ರಾತ್ರಿ ಊಟ. ಊಟ ಮುಗಿಯುವ ಹೊತ್ತಿಗೆ ಕ್ಯಾರಿಯೋಕೆ ಮೈಕು ಯಾರದಾದರೂ ಕೈಗೆ ಬಂದಿರುತ್ತದೆ.

ನಾನು ಈ ಕಂಪನಿಗಳಿಗೆ ಹೋಗಿ ಜಪಾನಿ ಭಾಷೆ ಕಲಿಸುವವಳು. ಕ್ರಿಯಾಪದದ ರೂಪಗಳ ಬಗ್ಗೆ ಕೇಳುವವರಿಗಿಂತ ‘ಮೇಡಂ, ನಾನು ಯಾವ ಹಾಡು ಹೇಳಲಿ?’ ಅಂತ ಕೇಳುವವರೇ ನನ್ನ ತರಗತಿಯಲ್ಲಿ ಜಾಸ್ತಿ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆರು ತಿಂಗಳ ಪಾಠದಲ್ಲಿ ಬಿಡದ ನಾಲಿಗೆ ಒಂದು ಹಾಡಿನಲ್ಲಿ ಬಿಡುವುದನ್ನು ಕಂಡಿದ್ದೇನೆ.

ಹುಡುಗರಿಗೆ ಮೊದಲು ನೆನಪಾಗುವುದು ಅನಿಮೆ ಹಾಡು. 2019ರ ‘ಗುರೆಂಗೆ’ ಎಲ್ಲರ ಫೋನಿನಲ್ಲೂ ಇದೆ. ಕೇಳಲು ಸೊಗಸು, ಹಾಡಲು ಹೊರಟರೆ ಎರಡನೇ ಸಾಲಿಗೇ ಉಸಿರು ಸಾಲದು. ನಾನು ಮೊದಲು ಕೊಡುವುದು ‘ಅಕತೊಂಬೊ’, ಅಂದರೆ ಕೆಂಪು ಏರೋಪ್ಲೇನ್ ಚಿಟ್ಟೆ. ಮಿಕಿ ರೋಫೂ 1921ರಲ್ಲಿ ಬರೆದ ಪದ್ಯ. ಯಮದಾ ಕೋಸಕು 1927ರಲ್ಲಿ ರಾಗ ಹಾಕಿದರು. ಜಪಾನಿನಲ್ಲಿ ಈ ಹಾಡು ಗೊತ್ತಿಲ್ಲದವರು ಸಿಗುವುದು ಕಷ್ಟ. ಇದರ ಸ್ವರಗಳು ಐದೇ: ಸ, ರಿ, ಗ, ಪ, ದ. ಅಂದರೆ ನಮ್ಮ ಮೋಹನ. ಚಿಕ್ಕಂದಿನಲ್ಲಿ ‘ವರವೀಣಾ’ ಗೀತೆ ಕಲಿತವರ ಗಂಟಲಿಗೆ ಈ ದಾರಿ ಹೊಸದಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಮೊದಲ ಸಾಲಿನಲ್ಲೇ ಮಂದ್ರ ಪಂಚಮದಿಂದ ಹೊರಟು ತಾರ ಷಡ್ಜ ಮುಟ್ಟಿ ಬರಬೇಕು. ಶ್ರುತಿಯನ್ನು ಮೊದಲೇ ನೋಡಿಟ್ಟುಕೊಳ್ಳದಿದ್ದರೆ ಮೇಲೆ ಹೋದಾಗ ದನಿ ಒಡೆಯುತ್ತದೆ.

ಇನ್ನು ಸಾಹಿತ್ಯ. ಇಂಟರ್ನೆಟ್ಟಿನಲ್ಲಿ ಸಿಗುವ ಇಂಗ್ಲಿಷ್ ಲಿಪಿಯ ಸಾಲುಗಳನ್ನು ಓದಬೇಡಿ ಅಂತ ನಾನು ಹಟ ಹಿಡಿಯುತ್ತೇನೆ. ಕನ್ನಡದಲ್ಲೇ ಬರೆದುಕೊಳ್ಳಿ. ಎ ಏ, ಒ ಓ ಎಂಬ ಹ್ರಸ್ವ ದೀರ್ಘ ಎರಡೂ ನಮ್ಮ ಲಿಪಿಯಲ್ಲಿವೆ, ಜಪಾನಿಗೆ ಬೇಕಾದದ್ದೂ ಅದೇ. ‘ಅಕತೊಂಬೊ’ದ ಸೊನ್ನೆಯನ್ನೇ ನೋಡಿ. ಇಂಗ್ಲಿಷಿನಲ್ಲಿ ಅಲ್ಲಿ ‘ಎನ್’ ಹಾಕಬೇಕೋ ‘ಎಮ್’ ಹಾಕಬೇಕೋ ಎಂದು ಒಬ್ಬೊಬ್ಬರದು ಒಂದೊಂದು ಪದ್ಧತಿ. ನಮಗೆ ಆ ತಕರಾರೇ ಇಲ್ಲ. ಬಕಾರದ ಹಿಂದಿನ ಸೊನ್ನೆಯನ್ನು ಕನ್ನಡಿಗ ತಾನಾಗಿ ‘ಮ್’ ಅಂತಲೇ ಓದುತ್ತಾನೆ. ಜಪಾನಿಯವರೂ ಹಾಗೇ ಅನ್ನುತ್ತಾರೆ.

ಇದಕ್ಕಿಂತ ದೊಡ್ಡ ಅನುಕೂಲ ಮಾತ್ರೆಯದು. ಜಪಾನಿ ಹಾಡಿನಲ್ಲಿ ಎಣಿಕೆ ನಡೆಯುವುದು ಮಾತ್ರೆಗಳಲ್ಲಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು; ಸೊನ್ನೆಗೂ ಸಜಾತೀಯ ಒತ್ತಿಗೂ ತಲಾ ಒಂದೊಂದು. ಅಕತೊಂಬೊ: ಲಘು, ಲಘು, ಗುರು, ಲಘು, ಒಟ್ಟು ಐದು ಮಾತ್ರೆ. ಜಪಾನಿನ ಶಾಲೆಯ ಮಗು ಬೆರಳು ಮಡಚಿ ಎಣಿಸಿದರೂ ಐದೇ. ತೋಕ್ಯೋ ಅಂದರೆ ನಾಲ್ಕು, ನಿಪ್ಪೊನ್ ಅಂದರೂ ನಾಲ್ಕು. ಹೈಸ್ಕೂಲಿನಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಪೀಣ್ಯದ ಟೂಲ್‌ರೂಮೊಂದರ ಸೂಪರ್‌ವೈಸರ್ ಒಬ್ಬರು ಜಾಬ್ ಕಾರ್ಡಿನ ಹಿಂಬದಿಯಲ್ಲಿ ಇಡೀ ಹಾಡು ಬರೆದು, ಪ್ರತಿ ಅಕ್ಷರದ ನೆತ್ತಿಯ ಮೇಲೆ ಪೆನ್ಸಿಲಿನಿಂದ ಗುರು ಲಘು ಗುರುತು ಹಾಕಿಕೊಂಡಿದ್ದರು. ಅವರಿಗೆ ವ್ಯಾಕರಣ ಅಷ್ಟಕ್ಕಷ್ಟೆ. ಆದರೆ ಅವತ್ತಿನ ರಾತ್ರಿ ಅತಿಥಿಗಳು ಚಮಚ ಕೆಳಗಿಟ್ಟು ಜೊತೆಗೆ ದನಿಗೂಡಿಸಿದ್ದು ಅವರ ಹಾಡಿಗೇ. ಕೆಲವು ಕಡೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ‘ತ್ಸು’ ನಮಗೆ ಒತ್ತಕ್ಷರ, ಅದರ ಹಿಂದಿನದನ್ನು ಗುರು ಅಂತ ಎಣಿಸಿಬಿಡುತ್ತೇವೆ. ಜಪಾನಿಯಲ್ಲಿ ಅದು ಬಿಡಿ ಅಕ್ಷರ, ಹಿಂದಿನದು ಲಘುವಾಗಿಯೇ ಉಳಿಯಬೇಕು.

ಅಕತೊಂಬೊ ಕೈವಶವಾದ ಮೇಲೆ ‘ಉಎ ಒ ಮುಯಿತೆ ಅರುಕೋ’. ಸಕಾಮೊತೊ ಕ್ಯೂ 1961ರಲ್ಲಿ ಹಾಡಿದ್ದು. ‘ಸುಕಿಯಾಕಿ’ ಎಂಬ ಹೆಸರಿನಲ್ಲಿ 1963ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕಣ್ಣೀರು ಕೆಳಗೆ ಬೀಳದಿರಲಿ ಎಂದು ಮುಖ ಮೇಲೆತ್ತಿ ನಡೆಯುವವನ ಹಾಡು. 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್ ವಿಮಾನ ದುರಂತದಲ್ಲಿ ಸಕಾಮೊತೊ ತೀರಿಕೊಂಡರು. ಇದರಲ್ಲೂ ಬಹುಪಾಲು ಮೋಹನದ ಛಾಯೆಯೇ. ನಡುವೆ ಶಿಳ್ಳೆಯ ಭಾಗ ಬರುತ್ತದೆ, ಹೊಸಬರಿಗೆ ಅದು ಉಸಿರು ತೆಗೆದುಕೊಳ್ಳುವ ಜಾಗ.

ಕ್ಯಾರಿಯೋಕೆ ಹುಟ್ಟಿದ ಬಗೆಯನ್ನೂ ತರಗತಿಯಲ್ಲಿ ಹೇಳುತ್ತೇನೆ. ಕೋಬೆ ನಗರದ ಇನೋಉಎ ದೈಸುಕೆ 1971ರಲ್ಲಿ ಯಂತ್ರ ಮಾಡಿಸಿ ಬಾರುಗಳಿಗೆ ಬಾಡಿಗೆಗೆ ಕೊಟ್ಟರು, ಪೇಟೆಂಟ್ ಮಾಡಿಸಲಿಲ್ಲ. ಅವರಿಗಿಂತ ಮುಂಚೆ, 1967ರಲ್ಲಿ, ತೋಕ್ಯೋದ ನೆಗಿಶಿ ಶಿಗೆಇಚಿ ಅಂಥದೇ ಪೆಟ್ಟಿಗೆ ಮಾಡಿದ್ದರು. ಅವರು 2024ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು.

ಹಾಡು ಬಂದವರು ಮುಂದೆ ಆಡಬೇಕಾದ ಆಟ ಶಿರಿತೋರಿ. ನಮ್ಮ ಅಂತ್ಯಾಕ್ಷರಿಯ ಜಪಾನಿ ದಾಯಾದಿ. ಒಬ್ಬರ ಪದದ ಕೊನೆಯ ಅಕ್ಷರದಿಂದ ಮುಂದಿನವರ ಪದ ಶುರುವಾಗಬೇಕು. ಕ್ಯಾರಿಯೋಕೆಯಲ್ಲಿ ಪದದ ಬದಲು ಹಾಡಿನ ಹೆಸರು. ಕಂಪನಿ ಬಸ್ಸು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತಿರುವಷ್ಟು ಹೊತ್ತೂ ಅಂತ್ಯಾಕ್ಷರಿ ಆಡುವವರಿಗೆ ನಿಯಮ ವಿವರಿಸಲು ಒಂದು ನಿಮಿಷ ಸಾಕು. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಕನ್ನಡದಲ್ಲಿ ಳಕಾರಕ್ಕೆ ಹಾಡು ನಿಂತರೆ ಲಕಾರ, ಣಕಾರಕ್ಕೆ ನಿಂತರೆ ನಕಾರ ಅಂತ ಹೊಂದಿಸಿಕೊಳ್ಳುತ್ತೇವೆ. ಜಪಾನಿಯವರು ‘ನ್’ಗೆ ಹಾಗೆ ಹೊಂದಿಸಿಕೊಳ್ಳುವುದಿಲ್ಲ. ‘ನ್’ ಎಂಬ ಅರ್ಧಾಕ್ಷರದಿಂದ ಅವರ ಯಾವ ಪದವೂ ಶುರುವಾಗದು, ಹಾಗಾಗಿ ಅದಕ್ಕೆ ಮುಗಿಯುವ ಪದ ಹೇಳಿದವರು ಔಟ್. ಗೋಡೆ ಮೇಲಿನ ಐದು ಪದಗಳಲ್ಲಿ ‘ಸೇತೊನ್’ ಅಂದರೆ ಆಟ ಮುಗಿಯಿತು. ಯೊನೆಜು ಕೆನ್ಶಿಯ 2018ರ ಹಾಡು ‘ಲೆಮನ್’ ಎಲ್ಲರಿಗೂ ಬರುತ್ತದೆ, ಶಿರಿತೋರಿಯಲ್ಲಿ ಅದನ್ನು ಎತ್ತಿದವರು ಸೋತರು.

ಎದುರಾಳಿಯನ್ನು ಕಟ್ಟಿಹಾಕಲು ‘ರು’ ಒಳ್ಳೆಯ ಅಸ್ತ್ರ. ತನಿಮುರಾ ಶಿಂಜಿಯ 1980ರ ‘ಸುಬರು’ ಹಿರಿಯ ಮ್ಯಾನೇಜರುಗಳ ಮೆಚ್ಚಿನ, ಗಂಭೀರ ನಡೆಯ ಹಾಡು. ಅದನ್ನು ಹೇಳಿ ಕೂತರೆ ಮುಂದಿನವರು ‘ರು’ ಹುಡುಕಬೇಕು. ಹಳೆಯ ಜಪಾನಿಯಲ್ಲಿ ರಕಾರದಿಂದ ಶುರುವಾಗುವ ಸ್ವಂತ ಪದಗಳೇ ಇರಲಿಲ್ಲ. ಅಚ್ಚಗನ್ನಡದಲ್ಲೂ ಅವು ವಿರಳ; ರಾಜ, ರವಿ, ರಾಮ ಎಲ್ಲ ಸಂಸ್ಕೃತದಿಂದ ಬಂದವು. ಈ ಇಕ್ಕಟ್ಟಿಗೆ ನನ್ನ ಪಟ್ಟಿಯಲ್ಲಿ ಎರಡು ಹಾಡುಗಳಿವೆ. ಒಂದು, ತೆರಾಒ ಅಕಿರಾ 1981ರಲ್ಲಿ ಹಾಡಿದ ‘ರುಬೀ ನೊ ಯುಬಿವ’. ಇನ್ನೊಂದು, ಅರಾಇ ಯುಮಿಯ 1975ರ ‘ರೂಜು ನೊ ದೆಂಗೊನ್’. ಎರಡನೆಯದು ಕೇಳಲು ಎಷ್ಟು ಚೆನ್ನಾಗಿದ್ದರೂ ಕೊನೆಗೆ ‘ನ್’ ಇದೆ, ಮರೆತು ಹೇಳಬೇಡಿ. ಉಕಾರ ಬಂದಾಗ ‘ಉಎ ಒ ಮುಯಿತೆ ಅರುಕೋ’ ಕೈ ಹಿಡಿಯುತ್ತದೆ. ಜಪಾನಿ ಬರಹದಲ್ಲಿ ಅದು ಉಕಾರದಿಂದ ಶುರುವಾಗಿ ಉಕಾರಕ್ಕೇ ನಿಲ್ಲುತ್ತದೆ.

ಮುಂದಿನ ಸಲ ಜಪಾನಿನ ತಂಡ ಬರುವ ಸುದ್ದಿ ಸಿಕ್ಕರೆ ವಾರ ಮೊದಲೇ ಶುರುಮಾಡಿ. ಹತ್ತು ಹಾಡಿನ ಆಸೆ ಬೇಡ, ಅಕತೊಂಬೊ ಒಂದೇ ಸಾಕು. ಕನ್ನಡದಲ್ಲಿ ಬರೆದುಕೊಳ್ಳಿ, ಗುರು ಲಘು ಹಾಕಿ, ನಿಮ್ಮ ಶ್ರುತಿ ಹಿಡಿದು ದಿನಕ್ಕೆರಡು ಸಲ ಹೇಳಿ. ಅವರು ಹಾಡಿ ಮುಗಿಸಿದ ಮೇಲೆ ನೀವೂ ಒಂದು ಕನ್ನಡ ಹಾಡು ಕಲಿಸಿಕೊಡಿ.