ದರಿಯಾ ದೌಲತ್ ಮತ್ತು ರಂಗನತಿಟ್ಟು

ರಾಮನಗರ, ಚನ್ನಪಟ್ಟಣಗಳನ್ನು ಹಾದು ಮೈಸೂರಿನತ್ತ ಸಾಗುವ ಹಳೆಯ ರಸ್ತೆ ಕಾವೇರಿಯನ್ನು ಸಂಧಿಸುವ ಶ್ರೀರಂಗಪಟ್ಟಣದಲ್ಲಿ, ಕೋಟೆಯ ಹೊರಗಿನ ತೋಟವೊಂದರ ನಡುವೆ, ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಎಂಬ ಬೇಸಿಗೆ ಅರಮನೆಯಿದೆ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗಿನ ಕೆಲಸವು ಅವನ ಆಶ್ರಯದಲ್ಲೇ ಬೆಳೆಯಿತೆಂಬ ಪ್ರತೀತಿಯೂ ಇರುವುದರಿಂದ, ಆ ಊರಿನವರಿಗೆ ಈ ತೇಗದ ಅರಮನೆ ತೀರ ಪರಕೀಯವೇನಲ್ಲ.

ಬಣ್ಣ ತುಂಬಿದ ಗೋಡೆಗಳೇ ಅರಮನೆಯ ನಿಜವಾದ ಸಿರಿ. ಪಶ್ಚಿಮದ ಗೋಡೆಯ ಮೇಲೆ, ಟಿಪ್ಪುವಿನ ಕಡೆಯವರು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಕದನ ಹರಡಿಕೊಂಡಿದ್ದು, ಕೆಂಪಂಗಿಯ ಸಿಪಾಯಿಗಳ ಚೌಕವ್ಯೂಹದ ನಡುವೆ ಮದ್ದಿನ ಬಂಡಿ ಸಿಡಿಯುತ್ತಿರುವಾಗ, ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷ್ ಕರ್ನಲ್ ಬೈಲಿ ಬೆರಳು ಕಚ್ಚಿಕೊಂಡಿದ್ದಾನೆ. ಟಿಪ್ಪುವಾದರೋ ನಿಶ್ಚಿಂತನಾಗಿ ಹೂವಿನ ಪರಿಮಳವನ್ನು ಸವಿಯುತ್ತಿದ್ದಾನೆ. 1799ರಲ್ಲಿ ಟಿಪ್ಪು ಮಡಿದ ನಂತರ ಕೆಲಕಾಲ ಇಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದನು. ಮಾಸಿದ್ದ ಚಿತ್ರಗಳನ್ನು ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಮತ್ತೆ ಬರೆಸಿದನಾದ್ದರಿಂದ, ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರವನ್ನು ಉಳಿಸಿಕೊಟ್ಟಂತಾಗಿದೆ.

ಅರಮನೆ ನೋಡಿದವರಲ್ಲಿ ಅನೇಕರು ಕೆಲವೇ ಕಿಲೋಮೀಟರ್ ಆಚೆಗಿರುವ ರಂಗನತಿಟ್ಟು ಪಕ್ಷಿಧಾಮವನ್ನು ಬೇರೊಂದು ಪ್ರವಾಸಕ್ಕೆ ಮೀಸಲಿಡುತ್ತಾರೆ. ಹಾಗೆ ಮಾಡಬಾರದು, ಏಕೆಂದರೆ ಅದೂ ಅರಸರ ನಿರ್ಮಾಣದ ಫಲವೇ. ಕಂಠೀರವ ನರಸರಾಜ ಒಡೆಯರು 1645–48ರಲ್ಲಿ ಕಾವೇರಿಗೆ ಕಟ್ಟಿಸಿದ ಅಣೆಕಟ್ಟೆಯಿಂದ ನೀರು ನಿಂತು, ಹೊಳೆಯ ನಡುವೆ ತಿಟ್ಟುಗಳು, ಅಂದರೆ ಸಣ್ಣ ನಡುಗಡ್ಡೆಗಳು, ಉಂಟಾದವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಈ ತಾಣವು 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು.

ದೋಣಿಯಲ್ಲಿ ಸಾಗುವಾಗ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಗಳೂ, ಅವುಗಳಿಗೆ ತೀರ ಸಮೀಪದ ಮರಗಳಲ್ಲೇ ಗೂಡು ಕಟ್ಟಿದ ಬಣ್ಣದ ಕೊಕ್ಕರೆ, ಚಮಚದ ಕೊಕ್ಕರೆ, ಹೆಜ್ಜಾರ್ಲೆಗಳೂ ಕಾಣುತ್ತವೆ. ಬಾಯ್ಕಳಕ ಎಂಬ ಕೊಕ್ಕರೆಯ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿಯುತ್ತದೆ. ಬಸವನಹುಳುಗಳನ್ನು ಹಿಡಿದು ತಿನ್ನುವ ಹಕ್ಕಿಗೆ ಅದೇ ತಕ್ಕ ಸಾಧನ. ನೀರುನಾಯಿಗಳೂ ಇಲ್ಲಿವೆ, ಆದರೆ ಅವು ಎಲ್ಲರ ಕಣ್ಣಿಗೆ ಬೀಳುವುದಿಲ್ಲ.

ಮೇಲ್ಗಡೆಯ ಕೃಷ್ಣರಾಜಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗಿ, ಅಂಚಿನ ಮಣ್ಣು ಕೊಚ್ಚಿಹೋಗುವುದರಿಂದ, ಅರಣ್ಯ ಇಲಾಖೆಯು ಮರಳಿನ ಚೀಲಗಳನ್ನು ಒಡ್ಡಿ ಅವುಗಳನ್ನು ಕಾಯಬೇಕಾಗಿದೆ. ಪ್ರವಾಹದ ದಿನಗಳಲ್ಲಿ ದೋಣಿ ವಿಹಾರವೂ ನಿಲ್ಲುತ್ತದಾಗಿ, ಗೂಡಿನಲ್ಲಿರುವ ಮರಿಗಳನ್ನು ಕಾಣಬಯಸುವವರು ಮುಂಗಾರಿಗೆ ಮೊದಲೇ ಹೋಗುವುದು ಒಳ್ಳೆಯದು.